ಎಂಜಿಬಿ ಕೊಳ್ಳುವುದಾದರೆ: ಕೊಟ್ಟಿಗೆಯ ಕಾರೋ, ಓಡುವ ಕಾರೋ, ಸಿಂಗಾರವಾದ ಕಾರೋ?

ಯುಗಾದಿ ಊಟ ಮುಗಿದು ಎಲ್ಲರೂ ಕಾಫಿ ಹಿಡಿದು ನಿಂತಿದ್ದರು. ಹಾಸನದ ಹುಡುಗನೊಬ್ಬ ನನ್ನನ್ನು ಪಕ್ಕಕ್ಕೆ ಕರೆದ. ಅವನು ಬರ್ಮಿಂಗ್‌ಹ್ಯಾಮ್‌ಗೆ ಬಂದು ಆರು ವರ್ಷ ಆಯಿತು. ಫೋನ್ ತೆಗೆದು ಮೂರು ಫೋಟೊ ತೋರಿಸಿದ. ಮೂರೂ ಎಂಜಿಬಿ ಕಾರುಗಳು, ಎಂಜಿ ಕಂಪನಿಯ ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರುಗಳು. "ಅಣ್ಣ, ಇದರಲ್ಲಿ ಯಾವುದು ತಗೊಳ್ಳಲಿ?" ಎಂದು ಕೇಳಿದ.

ಮೊದಲನೆಯದು 1971ರ ರೋಡ್‌ಸ್ಟರ್. ಎರಡೇ ಸೀಟು, ಮಡಚುವ ಬಟ್ಟೆಯ ಟಾಪು. ಯಾರದೋ ಹೊಲದ ಕೊಟ್ಟಿಗೆಯಲ್ಲಿ 18 ವರ್ಷ ನಿಂತಿದೆ. ಇಂಜಿನ್ ಇಳಿಸಿದ್ದಾರೆ. ಅರ್ಧ ಸಾಮಾನು ರಟ್ಟಿನ ಡಬ್ಬಗಳಲ್ಲಿದೆ. ಕೇಳುವ ಬೆಲೆ 2,500 ಪೌಂಡ್. ಎರಡನೆಯದು 1978ರ ಜಿಟಿ. ತಗಡಿನ ಟಾಪು, ಹಿಂದೆ ಮೇಲೆತ್ತುವ ಬಾಗಿಲು, ಕಪ್ಪು ಬಂಪರ್. ಬಣ್ಣ ಮಾಸಿದೆ, ಆದರೆ ದಿನಾ ಓಡುತ್ತಿದೆ. 5,500 ಪೌಂಡ್. ಮೂರನೆಯದು 1969ರ ರೋಡ್‌ಸ್ಟರ್. ಪೂರ್ತಿ ಬಿಚ್ಚಿ, ಜೋಡಿಸಿ, ಬಣ್ಣ ಹೊಡೆದು, ಕನ್ನಡಿಯ ಹಾಗೆ ಹೊಳೆಯುತ್ತಿದೆ. 15,000 ಪೌಂಡ್.

ಅವನ ಮನಸ್ಸು ಆಗಲೇ ಕೊಟ್ಟಿಗೆಯ ಕಾರಿನ ಮೇಲೆ ಕೂತಿತ್ತು. 2,500 ಕೊಟ್ಟು ಇನ್ನು 5,000 ಖರ್ಚು ಮಾಡಿದರೆ ಮೂರನೆಯ ಕಾರು ಅರ್ಧ ಬೆಲೆಗೆ ಸಿಕ್ಕ ಹಾಗೆ ಅಲ್ವಾ ಅನ್ನುವುದು ಅವನ ಲೆಕ್ಕ. ನಾನೂ 2013ರಲ್ಲಿ ಇದೇ ಲೆಕ್ಕ ಹಾಕಿದ್ದೆ. ಅದು ಎಲ್ಲಿ ತಪ್ಪುತ್ತದೆ ಅನ್ನುವುದನ್ನು ಕಾಫಿ ಆರುವಷ್ಟರಲ್ಲಿ ಹೇಳಿ ಮುಗಿಸಲು ಆಗಲಿಲ್ಲ. ಹಾಗಾಗಿ ಕೂತು ಬರೆಯುತ್ತಿದ್ದೇನೆ.

ಇದು ಎಂಥ ಕಾರು

ಎಂಜಿಬಿ 1962ರಲ್ಲಿ ಬಂತು, 1980ರಲ್ಲಿ ನಿಂತಿತು. ಆಕ್ಸ್‌ಫರ್ಡ್ ಹತ್ತಿರದ ಆಬಿಂಗ್ಡನ್ ಎಂಬ ಸಣ್ಣ ಊರಿನ ಕಾರ್ಖಾನೆಯಲ್ಲಿ ತಯಾರಾಗುತ್ತಿತ್ತು. ಒಟ್ಟು 5 ಲಕ್ಷಕ್ಕೂ ಜಾಸ್ತಿ ಕಾರು ಹೊರಬಂದವು. ಅದರಲ್ಲಿ ಹೆಚ್ಚಿನವು ಹಡಗು ಹತ್ತಿ ಅಮೆರಿಕಕ್ಕೆ ಹೋದವು. ಇಷ್ಟೊಂದು ತಯಾರಾದ ಕಾರಣಕ್ಕೇ ಇವತ್ತಿಗೂ ಇದರ ಬಿಡಿಭಾಗ ಸಲೀಸಾಗಿ ಸಿಗುತ್ತದೆ. ಬಾಗಿಲ ರಬ್ಬರ್‌ನಿಂದ ಹಿಡಿದು ಗೇರ್‌ಬಾಕ್ಸ್ ಬೇರಿಂಗ್‌ವರೆಗೆ ಫೋನ್ ಮಾಡಿದರೆ ಎರಡು ದಿನದಲ್ಲಿ ಮನೆಗೆ ಬರುತ್ತದೆ. 1988ರಿಂದ ಪೂರ್ತಿ ಹೊಸ ಬಾಡಿಯನ್ನೇ ಬ್ರಿಟಿಷ್ ಮೋಟರ್ ಹೆರಿಟೇಜ್ ಎಂಬ ಸಂಸ್ಥೆ ಮಾಡಿ ಮಾರುತ್ತಿದೆ. ಹಳೇ ಕಾರ್ಖಾನೆಯ ಅಚ್ಚುಗಳನ್ನೇ ಹುಡುಕಿ ತಂದು ಶುರುಮಾಡಿದ ಕೆಲಸ ಅದು. ಬೇರೆ ಹಳೇ ಕಾರುಗಳಲ್ಲಿ ಇಂಥ ಅನುಕೂಲ ತುಂಬಾ ಅಪರೂಪ.

ನಮ್ಮವರಿಗೆ ಈ ಕಾರಿನ ಜೊತೆ ಇನ್ನೊಂದು ನಂಟಿದೆ. ಇದರ ಇಂಜಿನ್‌ಗೆ ಬಿ ಸೀರೀಸ್ ಎಂದು ಹೆಸರು. ಅಂಬಾಸಿಡರ್ ಪೆಟ್ರೋಲ್ ಕಾರಿನಲ್ಲಿದ್ದದ್ದೂ ಅದೇ ಮನೆತನದ ಇಂಜಿನ್. ಅಂಬಾಸಿಡರ್‌ನದು 1489 ಸಿಸಿ, ಎಂಜಿಬಿಯದು 1798 ಸಿಸಿ. ಎರಡರಲ್ಲೂ ಪಿಸ್ಟನ್ ಏರಿ ಇಳಿಯುವ ದೂರ ಒಂದೇ, 88.9 ಮಿಲಿಮೀಟರ್. ಎಂಜಿಬಿಯ ಬೋರ್, ಅಂದರೆ ಸಿಲಿಂಡರಿನ ಒಳಗಲ, ದೊಡ್ಡದು. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರ್ ಎರಡು, ಹತ್ತಿರ ಹತ್ತಿರ 95 ಕುದುರೆಶಕ್ತಿ. ಅಷ್ಟೇ ವ್ಯತ್ಯಾಸ. ತಿಪಟೂರಿನಲ್ಲಿ ನಮ್ಮ ದೊಡ್ಡಪ್ಪ ಅಂಬಾಸಿಡರ್ ಬಾಡಿಗೆಗೆ ಓಡಿಸುತ್ತಿದ್ದರು. ಭಾನುವಾರ ಬೆಳಿಗ್ಗೆ ಟ್ಯಾಪೆಟ್ ಸೆಟ್ ಮಾಡುವಾಗ, ಅಂದರೆ ಇಂಜಿನ್ ವಾಲ್ವ್‌ಗಳ ಸಂದು ಸರಿಮಾಡುವಾಗ, ನಾನು ಸಂದು ಅಳೆಯುವ ಫೀಲರ್ ಗೇಜ್ ಹಿಡಿದು ನಿಲ್ಲುತ್ತಿದ್ದೆ. ಮೂವತ್ತು ವರ್ಷ ಕಳೆದು ಇಲ್ಲಿ ಒಂದು ಎಂಜಿಬಿಯ ಬಾನೆಟ್ ಎತ್ತಿದಾಗ ಗುರುತಿನವರ ಮನೆಗೆ ಹೋದ ಹಾಗಾಯಿತು.

ಈ ಇಂಜಿನ್ ಗಟ್ಟಿ. ಕೆಟ್ಟರೂ ರಿಪೇರಿ ಸುಲಭ. ಹೆಡ್ ಇಳಿಸಬಹುದು, ಬೋರ್ ಮಾಡಿಸಬಹುದು, ಬೇರೆ ಇಂಜಿನ್ನೇ ತಂದು ಕೂರಿಸಬಹುದು. ಹಾಗಾಗಿ ಕಾರು ನೋಡಲು ಹೋದಾಗ ಮೊದಲು ಬಾನೆಟ್ ಎತ್ತಬೇಡಿ. ಮೊದಲು ನೆಲದ ಮೇಲೆ ಮಲಗಿ.

ಹೊಸ್ತಿಲು ನೋಡಿ ಮನೆ ಕೊಳ್ಳಿ

ಎಂಜಿಬಿಗೆ ಬೇರೆ ಷಾಸಿ, ಅಂದರೆ ಬಾಡಿ ಹೊರುವ ಕಬ್ಬಿಣದ ಚೌಕಟ್ಟು, ಇಲ್ಲ. ಬಾಡಿಯೇ ಷಾಸಿ. ಮುಂಚಕ್ರದಿಂದ ಹಿಂಚಕ್ರದವರೆಗೆ ಬಾಗಿಲ ಕೆಳಗೆ ಉದ್ದಕ್ಕೆ ಒಂದು ಪೆಟ್ಟಿಗೆಯಂಥ ತೊಲೆ ಹೋಗುತ್ತದೆ. ಅದಕ್ಕೆ ಸಿಲ್ ಎನ್ನುತ್ತಾರೆ, ಕಾರಿನ ಹೊಸ್ತಿಲು ಅಂದುಕೊಳ್ಳಿ. ಅದು ಒಂದೇ ತಗಡಲ್ಲ. ಹೊರಗೆ ಒಂದು, ನಡುವೆ ನಿಲ್ಲಿಸಿದ ಗೋಡೆಯಂಥದ್ದು ಒಂದು, ಕೆಳಗೆ ಒಳಬದಿಗೆ ಕ್ಯಾಸಲ್ ರೈಲ್ ಎಂಬುದು ಇನ್ನೊಂದು. ಈ ಮೂರೂ ಸೇರಿದರೇ ಬಲ. ರೋಡ್‌ಸ್ಟರ್‌ಗೆ ಮೇಲೆ ತಗಡಿನ ಟಾಪು ಇಲ್ಲದ ಕಾರಣ ಇಡೀ ಕಾರು ಈ ಎರಡು ಹೊಸ್ತಿಲುಗಳ ಮೇಲೇ ನಿಂತಿದೆ.

ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಚೆಲ್ಲುತ್ತಾರೆ. ಮುಂದಿನ ಮಡ್‌ಗಾರ್ಡ್ ಒಳಗೆ ಒಂದು ಅಡ್ಡ ತಗಡಿದೆ, ಅದರ ಸುತ್ತ ರಬ್ಬರ್ ಇದೆ. ಆ ರಬ್ಬರ್ ಒಣಗಿ ಸೀಳಿದರೆ ಉಪ್ಪಿನ ಕೆಸರು ಅದನ್ನು ದಾಟಿ ಹಿಂದೆ ಸೇರುತ್ತದೆ. ಅಲ್ಲೇ ಒದ್ದೆಯಾಗಿ ವರ್ಷಗಟ್ಟಲೆ ಕೂರುತ್ತದೆ. ಸಿಲ್ ಒಳಗಿನಿಂದ ಕೊಳೆಯುತ್ತದೆ. ಹೊರಗೆ ಬಣ್ಣ ಚೆನ್ನಾಗಿಯೇ ಕಾಣುತ್ತಿರುತ್ತದೆ.

ಇದನ್ನು ಸರಿಯಾಗಿ ಮಾಡುವುದು ದೊಡ್ಡ ಕೆಲಸ. ಹೊರಗಿನ ಸಿಲ್ ಮುಂದಿನ ಮತ್ತು ಹಿಂದಿನ ಮಡ್‌ಗಾರ್ಡ್‌ಗಳ ಅಡಿಗೂ ಹೋಗುತ್ತದೆ. ಹಾಗಾಗಿ ಮಡ್‌ಗಾರ್ಡ್‌ನ ಕೆಳಭಾಗ ಕತ್ತರಿಸಬೇಕು ಇಲ್ಲವೇ ಬಿಚ್ಚಬೇಕು. ರೋಡ್‌ಸ್ಟರ್ ಆದರೆ ಬಾಗಿಲ ಜಾಗಕ್ಕೆ ಮೊದಲು ಕಬ್ಬಿಣದ ಆಸರೆ ಕೊಡಬೇಕು, ಇಲ್ಲದಿದ್ದರೆ ಸಿಲ್ ಕತ್ತರಿಸುತ್ತಿದ್ದಂತೆ ಬಾಡಿ ನಡುವೆ ಬಾಗುತ್ತದೆ. ಇಷ್ಟೆಲ್ಲ ಯಾಕೆ ಎಂದು ಕೆಲವರು ಕೊಳೆತ ಸಿಲ್ ಮೇಲೆಯೇ ಹೊಸ ತಗಡು ಹೊದಿಸಿ, ಪುಟ್ಟಿ ತುಂಬಿ, ಬಣ್ಣ ಹೊಡೆದು ಮಾರುತ್ತಾರೆ.

ನನಗೆ ಸಿಕ್ಕಿದ್ದು ಅಂಥದ್ದೇ. 1973ರ ಜಿಟಿ, 1,800 ಪೌಂಡ್. "ಸಿಲ್ ಹೊಸದು ಹಾಕಿಸಿದ್ದೇನೆ" ಎಂದು ಮಾರಿದವರು ಹೇಳಿದ್ದರು. ಅವರು ಹೇಳಿದ್ದರಲ್ಲಿ ಅರ್ಧ ನಿಜ ಇತ್ತು. ಹೊಸದರ ಕೆಳಗೆ ಹಳೆಯದು ಹಾಗೇ ಇತ್ತು, ಬೆರಳಲ್ಲಿ ಒತ್ತಿದರೆ ರಸ್ಕಿನ ಹಾಗೆ ಉದುರುತ್ತಿತ್ತು. ಒಂದು ವರ್ಕ್‌ಶಾಪಿಗೆ ಕೊಟ್ಟೆ. ಮೂರು ತಿಂಗಳು ಎಂದವರು 14 ತಿಂಗಳು ಇಟ್ಟುಕೊಂಡರು. ಎರಡು ಕಡೆಯ ಸಿಲ್‌ಗೇ 45 ಗಂಟೆ ಹಿಡಿಯಿತು, ಗಂಟೆಗೆ 55 ಪೌಂಡ್. ಆಮೇಲೆ ನೆಲದ ತಗಡು, ಹಿಂದಿನ ಸ್ಪ್ರಿಂಗ್ ಕಟ್ಟುವ ಜಾಗ, ಬ್ಯಾಟರಿ ಪೆಟ್ಟಿಗೆ, ಬಾಗಿಲ ಕೆಳಭಾಗ. ಆಮೇಲೆ ಬಣ್ಣ. ಕೊನೆಗೆ ಒಟ್ಟು 11,000 ಪೌಂಡ್ ದಾಟಿತು. ಎರಡು ವರ್ಷ ಓಡಿಸಿ 6,500ಕ್ಕೆ ಮಾರಿದೆ. ದುಡ್ಡು ಹೋಗಿದ್ದಕ್ಕಿಂತ ಆ 14 ತಿಂಗಳು ನನ್ನ ಕಾರು ನನ್ನ ಕೈಯಲ್ಲಿ ಇರಲಿಲ್ಲ ಅನ್ನುವುದೇ ಹೆಚ್ಚು ಬೇಸರ.

ಆಗ ನನಗೆ ಗೊತ್ತಿರದ ಪರೀಕ್ಷೆಗಳನ್ನು ಇಲ್ಲಿ ಬರೆಯುತ್ತೇನೆ. ಇವಕ್ಕೆ ಯಂತ್ರ ಬೇಡ.

ರೋಡ್‌ಸ್ಟರ್ ಆದರೆ ಬಾಗಿಲು ಮತ್ತು ಹಿಂದಿನ ಮಡ್‌ಗಾರ್ಡ್ ನಡುವಿನ ಸಂದು ನೋಡಿ. ಮೇಲಿಂದ ಕೆಳಗಿನವರೆಗೆ ಒಂದೇ ಅಗಲ ಇರಬೇಕು. ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದ್ದರೆ ಕಾರು ನಡುವೆ ಕುಸಿದಿದೆ. ಆಮೇಲೆ ಮಾರುವವರ ಒಪ್ಪಿಗೆ ಕೇಳಿ, ಕಾರಿನದೇ ಜ್ಯಾಕ್ ಹಾಕುವ ಜಾಗದಲ್ಲಿ ಜ್ಯಾಕ್ ಕೊಟ್ಟು ಒಂದು ಕಡೆ ಎತ್ತಿ. ಎತ್ತಿದ ಮೇಲೂ ಬಾಗಿಲು ಮೊದಲಿನ ಹಾಗೆ ತೆಗೆದು ಹಾಕಲು ಬರಬೇಕು. ಸಿಕ್ಕಿಹಾಕಿಕೊಂಡರೆ ಅಲ್ಲಿಂದ ಹೊರಡಿ. ಜ್ಯಾಕೇ ತಗಡಿನೊಳಗೆ ಇಳಿಯಲು ಶುರುಮಾಡಿದರೆ ಮಾತೇ ಬೇಡ. ಮಾರುವವರು ಜ್ಯಾಕ್ ಹಾಕಲು ಬಿಡುವುದಿಲ್ಲ ಎಂದರೆ ಅದನ್ನೂ ಉತ್ತರ ಅಂತಲೇ ತಿಳಿದುಕೊಳ್ಳಿ.

ಜಿಟಿಗೆ ಈ ಬಾಗಿಲ ಪರೀಕ್ಷೆ ಅಷ್ಟು ನಂಬಲಾಗದು. ತಗಡಿನ ಟಾಪು ಬಾಡಿಯನ್ನು ಹಿಡಿದು ನಿಲ್ಲಿಸುವ ಕಾರಣ ಸಿಲ್ ಸತ್ತಿದ್ದರೂ ಬಾಗಿಲು ಸರಿಯಾಗಿಯೇ ಕೂರಬಹುದು. ನಾನು ಮೋಸ ಹೋಗಿದ್ದೂ ಹೀಗೇ. ಜಿಟಿಗೆ ಟಾರ್ಚ್ ಹಿಡಿದು ಮಲಗಲೇಬೇಕು. ಕೆಳಗಿನಿಂದ ಕ್ಯಾಸಲ್ ರೈಲ್ ತನ್ನ ಆಕಾರದಲ್ಲಿ ಸ್ಪಷ್ಟವಾಗಿ ಕಾಣಬೇಕು. ಚಪ್ಪಟೆ ತಗಡು ಬಂದು ಅದನ್ನು ಮುಚ್ಚಿದ್ದರೆ ಮೇಲೆ ಹೊದಿಸಿದ್ದಾರೆ ಎಂದೇ ಅರ್ಥ. ಮಡ್‌ಗಾರ್ಡ್ ಮತ್ತು ಸಿಲ್ ಕೂಡುವ ಕಡೆ ಒಂದು ಗೆರೆ ಕಾಣಬೇಕು. ಅಲ್ಲಿ ಗೆರೆಯೇ ಇಲ್ಲದೆ ನುಣ್ಣಗಿದ್ದರೆ ಒಳಗೆ ಪುಟ್ಟಿ ಇದೆ. ಫ್ರಿಜ್ ಮೇಲೆ ಅಂಟಿಸುವ ಅಯಸ್ಕಾಂತ ಒಂದು ಜೇಬಿನಲ್ಲಿರಲಿ, ತೆಳು ಬಟ್ಟೆ ಸುತ್ತಿ ಅಲ್ಲಲ್ಲಿ ಮುಟ್ಟಿಸಿ. ಹಿಡಿಯದ ಕಡೆ ಕಬ್ಬಿಣ ಇಲ್ಲ.

ಕೊಟ್ಟಿಗೆಯ ಕಾರು ಯಾರಿಗೆ

ವೆಲ್ಡಿಂಗ್ ಮಾಡುವುದೇ ನಿಮಗೆ ಸಂತೋಷ ಕೊಡುವ ಕೆಲಸವಾದರೆ ಇದು ನಿಮ್ಮದು. ವಾರಕ್ಕೆ ಎಂಟು ಹತ್ತು ಗಂಟೆ, ಎರಡು ಮೂರು ವರ್ಷ, ಒಂದು ಬೆಚ್ಚನೆಯ ಗ್ಯಾರೇಜು. ಇಷ್ಟಿದ್ದರೆ ಕೂಲಿಯ ದುಡ್ಡು ಉಳಿಯುತ್ತದೆ. ಈ ಕಾರಿನ ಖರ್ಚಿನಲ್ಲಿ ಬಹುಪಾಲು ಕೂಲಿಯೇ. ಸಾಮಾನಿಗೆ ಅಷ್ಟಾಗುವುದಿಲ್ಲ. ಕಾರು 3.89 ಮೀಟರ್ ಉದ್ದ, 1.52 ಮೀಟರ್ ಅಗಲ, ಸಣ್ಣದೇ. ಆದರೆ ಬಿಚ್ಚಿದ ಕಾರಿಗೆ ಎರಡು ಕಾರಿನಷ್ಟು ಜಾಗ ಬೇಕು. ಬಾಗಿಲು, ಸೀಟು, ಬಾನೆಟ್, ಇಂಜಿನ್ ಎಲ್ಲ ಎಲ್ಲಿಡುತ್ತೀರಿ ಎಂದು ಮೊದಲೇ ಮನೆಯವರ ಜೊತೆ ಕೂತು ಮಾತಾಡಿ. ಊಟದ ಕೋಣೆಗೆ ಹೆಡ್‌ಲೈಟು ಬಂದರೆ ಮನಸ್ತಾಪ ಶುರುವಾಗುತ್ತದೆ.

ಬೇರೆಯವರಿಂದ ಮಾಡಿಸುವವರಿಗೆ ಕೊಟ್ಟಿಗೆಯ ಕಾರು ಮೂರರಲ್ಲಿ ಅತಿ ದುಬಾರಿ. ಹಾಸನದ ಹುಡುಗನ ಲೆಕ್ಕ ತಪ್ಪುವುದು ಇಲ್ಲೇ. ಅವನು ಸಾಮಾನಿನ ಬೆಲೆ ಹಾಕಿದ, ಗಂಟೆಯ ಬೆಲೆ ಹಾಕಲಿಲ್ಲ. 18 ವರ್ಷ ನಿಂತ ಕಾರಿನಲ್ಲಿ ಬ್ರೇಕು ಸಿಲಿಂಡರ್, ಪೈಪು, ಪೆಟ್ರೋಲ್ ಟ್ಯಾಂಕ್, ಟೈರು, ರಬ್ಬರ್, ವೈರಿಂಗ್, ಸೀಟಿನ ಬಟ್ಟೆ ಎಲ್ಲವೂ ಹೊಸದೇ ಬೇಕು. ಬಾಡಿ ಪೂರ್ತಿ ಕೊಳೆತಿದ್ದರೆ ಹೆರಿಟೇಜ್‌ನ ಹೊಸ ಬಾಡಿ ಇದೆಯಲ್ಲ ಎನ್ನಬಹುದು. ಇದೆ, ಆದರೆ ಅದೊಂದೇ 10,000 ಪೌಂಡ್‌ಗಿಂತ ಜಾಸ್ತಿ. ಅದರ ಮೇಲೆ ಬಣ್ಣ, ಅದರ ಮೇಲೆ ಜೋಡಣೆ.

ಡಬ್ಬಗಳ ವಿಷಯ ಬೇರೆಯಾಗಿಯೇ ಹೇಳಬೇಕು. ನೀವೇ ಬಿಚ್ಚಿದ ಕಾರನ್ನು ನೀವು ಜೋಡಿಸಬಹುದು. ಫೋಟೊ ಇರುತ್ತದೆ, ಚೀಟಿ ಅಂಟಿಸಿರುತ್ತೀರಿ, ಕೈಗೆ ನೆನಪಿರುತ್ತದೆ. ಇನ್ನೊಬ್ಬರು 18 ವರ್ಷದ ಹಿಂದೆ ಬಿಚ್ಚಿದ್ದನ್ನು ಜೋಡಿಸುವುದು ಬಹಳ ಕಷ್ಟ. ಏನಿದೆ ಅನ್ನುವುದು ಕಾಣುತ್ತದೆ, ಏನಿಲ್ಲ ಅನ್ನುವುದು ಜೋಡಿಸಲು ಕೂತಾಗಲೇ ಗೊತ್ತಾಗುವುದು. ಹಾಗಿದ್ದರೂ ಕೊಟ್ಟಿಗೆಯ ಕಾರೇ ಬೇಕು ಎಂದಾದರೆ, ಬಿಚ್ಚದೆ ನಿಂತಿರುವುದನ್ನು ಹುಡುಕಿ.

ಅಮೆರಿಕದಿಂದ ವಾಪಸ್ ಬಂದ ಕಾರುಗಳೂ ಸಿಗುತ್ತವೆ. ಕ್ಯಾಲಿಫೋರ್ನಿಯಾ, ಅರಿಜೋನಾದಂಥ ಒಣ ಸೀಮೆಯಿಂದ ಬಂದದ್ದಾದರೆ ತಗಡು ಗಟ್ಟಿ ಇರುತ್ತದೆ. ಬಿಸಿಲಿಗೆ ಸೀಟು, ಡ್ಯಾಶ್‌ಬೋರ್ಡು ಸೀಳಿರುತ್ತವೆ, ಸ್ಟೀರಿಂಗ್ ಎಡಗಡೆ ಇರುತ್ತದೆ. 1975ರ ನಂತರದ್ದಾದರೆ ಎರಡರ ಬದಲು ಒಂದೇ ಕಾರ್ಬ್ಯುರೇಟರ್, ಶಕ್ತಿಯೂ ತುಂಬಾ ಕಡಿಮೆ. ಅಷ್ಟಾದರೂ ಉಪ್ಪು ತಿಂದ ಇಲ್ಲಿನ ಬಾಡಿಗಿಂತ ಅದೇ ಲೇಸು ಎನ್ನುತ್ತೇನೆ. ಸ್ಟೀರಿಂಗ್ ಬದಲಾಯಿಸುವುದು ಸಿಲ್ ಬದಲಾಯಿಸುವುದಕ್ಕಿಂತ ಸುಲಭ.

ಸಿಂಗಾರವಾದ ಕಾರು

ದುಡ್ಡು ಒಟ್ಟಿಗೆ ಇದ್ದು, ಸಮಯ ಇಲ್ಲದವರಿಗೆ ಇದೇ ಸರಿ. ಹದಿನೈದು ಸಾವಿರದ ಒಳ್ಳೆಯ ಕಾರಿನ ಹಿಂದೆ ಯಾರೋ ಅದಕ್ಕಿಂತ ಜಾಸ್ತಿ ಖರ್ಚು ಮಾಡಿರುತ್ತಾರೆ. ಆ ನಷ್ಟ ಅವರದ್ದು, ಕಾರು ನಿಮ್ಮದು.

ಆದರೆ ಹೊಳಪು ನೋಡಿ ದುಡ್ಡು ಕೊಡಬೇಡಿ. ಫೋಟೊ ಕೇಳಿ. ನಿಜವಾಗಿ ಬಿಚ್ಚಿ ಮಾಡಿದವರು ಹಂತ ಹಂತಕ್ಕೂ ಫೋಟೊ ತೆಗೆದಿರುತ್ತಾರೆ. ಸಿಲ್ ತೆರೆದಾಗ, ಒಳಗೋಡೆ ವೆಲ್ಡ್ ಮಾಡಿದಾಗ, ಬಣ್ಣಕ್ಕೆ ಮುಂಚೆ. ಬರೀ ಮುಗಿದ ಮೇಲಿನ ಫೋಟೊ ಇದ್ದರೆ ಅನುಮಾನ ಪಡಿ. ಬಿಲ್ಲುಗಳ ಕಡತ ಕೇಳಿ. ಎಷ್ಟು ವರ್ಷದ ಹಿಂದೆ ಮಾಡಿದ್ದು ಎಂದು ಕೇಳಿ. ಇಪ್ಪತ್ತು ವರ್ಷದ ಹಿಂದಿನ ರಿಪೇರಿಯೂ ಈಗ ಹಳೆಯದೇ. ಬಾಗಿಲ ಮುಂದಿನ ತ್ರಿಕೋನ ಗಾಜಿನ ಬುಡದಲ್ಲಿ ತಗಡು ಸೀಳುವುದು ಎಂಜಿಬಿಯ ಹಳೇ ಕಾಯಿಲೆ. ಹೊಸ ಬಣ್ಣದ ಮೇಲೆ ಅಲ್ಲಿ ಕೂದಲೆಳೆಯಷ್ಟು ಗೆರೆ ಮತ್ತೆ ಕಂಡರೆ ಕೆಲಸ ಮೇಲುಮೇಲಕ್ಕೆ ಆಗಿದೆ.

ಇಂಥ ಕಾರಿಗೆ ಇನ್ನೊಂದು ತೊಡಕಿದೆ. ಮಳೆ ಬಂದರೆ ಹೊರಗೆ ತೆಗೆಯಲು ಮನಸ್ಸಾಗುವುದಿಲ್ಲ. ಸೂಪರ್‌ಮಾರ್ಕೆಟ್ ಮುಂದೆ ನಿಲ್ಲಿಸಲು ಕೈ ಬರುವುದಿಲ್ಲ. ನನ್ನ ಪರಿಚಯದ ಒಬ್ಬರು ಇಂಥದ್ದನ್ನು ಕೊಂಡು ವರ್ಷಕ್ಕೆ 200 ಮೈಲಿ ಓಡಿಸುತ್ತಾರೆ. ಅವರಿಗೆ ಅದೇ ಖುಷಿ. ನನಗೆ ಆಗದು.

ಓಡುವ ಕಾರು, ಓಡುತ್ತಲೇ ರಿಪೇರಿ

ಕೆಲಸ, ಮಕ್ಕಳು, ವರ್ಷಕ್ಕೊಮ್ಮೆ ಊರಿಗೆ ಹೋಗುವ ಖರ್ಚು ಇಷ್ಟೆಲ್ಲ ಇರುವವರಿಗೆ ನಾನು ಹೇಳುವುದು ಇದನ್ನೇ. ಬಾಡಿ ಗಟ್ಟಿ ಇರುವ, ಬಣ್ಣ ಮಾಸಿದ, ದಿನಾ ಓಡುವ ಕಾರು ಕೊಳ್ಳಿ. ಈ ವರ್ಷ ಬ್ರೇಕು, ಮುಂದಿನ ವರ್ಷ ಸಸ್ಪೆನ್ಷನ್, ಆಮೇಲೆ ಸೀಟು. ಒಂದು ವಾರಾಂತ್ಯದಲ್ಲಿ ಮುಗಿಯುವಷ್ಟೇ ಬಿಚ್ಚಿ. ಕಾರು ಯಾವತ್ತೂ ರಸ್ತೆಯಲ್ಲೇ ಇರುತ್ತದೆ. ಓಡಿಸುತ್ತಿದ್ದರೆ ಅದರ ಯಾವ ಶಬ್ದ ಹೊಸದು ಅನ್ನುವುದು ಕಿವಿಗೆ ತಿಳಿಯುತ್ತದೆ. ನಿಂತ ಕಾರಿನಿಂದ ಇದನ್ನು ಕಲಿಯಲು ಆಗದು. ನನ್ನ ಎರಡನೆಯ ಎಂಜಿಬಿಯನ್ನು ಹೀಗೇ ಒಂಬತ್ತು ವರ್ಷದಿಂದ ಇಟ್ಟುಕೊಂಡಿದ್ದೇನೆ.

ಓಡಿಸಿ ನೋಡುವಾಗ ಗಮನಿಸಬೇಕಾದದ್ದು ಹೆಚ್ಚಿಲ್ಲ. ಇಂಜಿನ್ ಚೆನ್ನಾಗಿ ಕಾದ ಮೇಲೆ, ವೇಗದಲ್ಲಿ ಹೋಗುವಾಗ ಆಯಿಲ್ ಪ್ರೆಷರ್ 50ರಿಂದ 60ರ ಸುತ್ತ ನಿಲ್ಲಬೇಕು. ಎರಡನೇ ಗೇರಿಗೆ ಇಳಿಸುವಾಗ ಕರಕರ ಎನ್ನಬಾರದು. ಓವರ್‌ಡ್ರೈವ್ ಹಾಕಿ ನೋಡಿ. ಹೆದ್ದಾರಿಯಲ್ಲಿ ಇಂಜಿನ್‌ನ ಓಟ ಇಳಿಸುವ ಸಾಧನ ಅದು, ಇದ್ದರೆ ದೊಡ್ಡ ಅನುಕೂಲ. 1975ರ ನಂತರ ಇಲ್ಲಿ ಮಾರಿದ ಕಾರುಗಳಿಗೆ ಕಾರ್ಖಾನೆಯಿಂದಲೇ ಬಂತು, ಅದಕ್ಕೂ ಹಿಂದಿನವಕ್ಕೆ ಕೇಳಿದವರಿಗೆ ಮಾತ್ರ. ಕಡ್ಡಿ ಚಕ್ರಗಳಿದ್ದರೆ ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ಚಲಿಸಿ ನೋಡಿ. ಟಕ್ ಎಂದರೆ ಚಕ್ರದೊಳಗಿನ ಹಲ್ಲು ಸವೆದಿದೆ.

ಕ್ಲಚ್ ಜಾರುತ್ತಿದ್ದರೆ ಬೆಲೆ ಇಳಿಸಿ ಕೇಳಿ. ಪ್ಲೇಟಿನ ಬೆಲೆ ಸಣ್ಣದು, ಆದರೆ ಅದನ್ನು ಹಾಕಲು ಇಂಜಿನ್ ಹೊರಗೆ ತೆಗೆಯಬೇಕು. ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್‌ನಲ್ಲಿ ಗುಂಡುಗಳಿಲ್ಲ, ಇಂಗಾಲದ ಬಿಲ್ಲೆ ಇದೆ. ಸಿಗ್ನಲ್‌ನಲ್ಲಿ ಕ್ಲಚ್ ಒತ್ತಿ ನಿಂತರೆ ಅದು ತೇದು ಹೋಗುತ್ತದೆ. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಕಲಿತ ಕಾಲುಗಳು ಈ ಅಭ್ಯಾಸ ಬಿಡಬೇಕು. ಮುಂಚಕ್ರಗಳು ಆಚೀಚೆ ತಿರುಗುವ ಗೂಟವಾದ ಕಿಂಗ್‌ಪಿನ್‌ಗೆ 3,000 ಮೈಲಿಗೊಮ್ಮೆ ಗ್ರೀಸ್ ಹೊಡೆಯಬೇಕು. ಹೊಡೆಯದೆ ಬಿಟ್ಟ ಕಾರಿನ ಸ್ಟೀರಿಂಗ್ ಭಾರವಾಗಿರುತ್ತದೆ, ತಿರುಗಿಸಿದ ಮೇಲೆ ತಾನಾಗಿ ವಾಪಸ್ ಬರುವುದಿಲ್ಲ.

ಕ್ರೋಮ್ ಬಂಪರೋ, ಕಪ್ಪು ಬಂಪರೋ

1974ರ ಕೊನೆಗೆ ಅಮೆರಿಕದ ಸುರಕ್ಷತಾ ನಿಯಮಕ್ಕೆ ಹೊಂದಿಸಲು ಕ್ರೋಮ್ ಬಂಪರ್ ತೆಗೆದು ದಪ್ಪ ಕಪ್ಪು ಬಂಪರ್ ಹಾಕಿದರು. ಅದರ ಜೊತೆಗೇ ಕಾರನ್ನೂ ಒಂದೂವರೆ ಇಂಚಿನಷ್ಟು ಎತ್ತರಿಸಿದರು. ತಿರುವಿನಲ್ಲಿ ಕಾರು ವಾಲತೊಡಗಿತು. ಜನ ಮುಖ ಸಿಂಡರಿಸಿದರು, ಬೆಲೆ ಇಳಿಯಿತು. ಇವತ್ತಿಗೂ ಕ್ರೋಮ್ ಕಾರುಗಳೇ ದುಬಾರಿ.

ನನಗೆ ಈ ತಾರತಮ್ಯ ಒಪ್ಪಿಗೆಯಿಲ್ಲ. 1977ರ ಮಾದರಿಯಿಂದ ವಾಲುವುದನ್ನು ತಡೆಯುವ ಕಂಬಿಗಳನ್ನು ಸರಿಮಾಡಿದರು. ಓವರ್‌ಡ್ರೈವ್ ಬಂತು. ಹಿಂದಿನ ಕಾರುಗಳಲ್ಲಿ ಸೀಟಿನ ಹಿಂದೆ, ಕೆಳಗೆ ಎರಡು 6 ವೋಲ್ಟ್ ಬ್ಯಾಟರಿ ಇದ್ದವು, ಇವುಗಳಲ್ಲಿ ಒಂದೇ 12 ವೋಲ್ಟ್. ಹಾಗಾಗಿ ಕಡಿಮೆ ದುಡ್ಡಿಗೆ ಹೆಚ್ಚು ಗಟ್ಟಿ ಕಾರು ಸಿಗುವುದು ಇಲ್ಲೇ. ಕಪ್ಪು ಬಂಪರ್ ಕಣ್ಣಿಗೆ ಹಿಡಿಸದಿದ್ದರೆ ಬೇರೆ ಮಾತು. ಕಣ್ಣಿಗೆ ಹಿಡಿಸದ ಹಳೇ ಕಾರನ್ನು ಯಾರೂ ಕಷ್ಟಪಟ್ಟು ಸಾಕುವುದಿಲ್ಲ. ಸಂದೇಹ ಇದ್ದರೆ ಎರಡನ್ನೂ ಅಕ್ಕಪಕ್ಕ ನಿಲ್ಲಿಸಿ ನೋಡಿ. ಎಂಜಿ ಕ್ಲಬ್‌ಗಳ ಸಭೆಗಳು ಬೇಸಿಗೆಯಲ್ಲಿ ಹಲವು ಊರುಗಳಲ್ಲಿ ನಡೆಯುತ್ತವೆ. ಹೋಗಿ ಕೇಳಿದರೆ ಜನ ಕೂರಿಸಿ ಓಡಿಸಿಯೇ ತೋರಿಸುತ್ತಾರೆ.

ರೋಡ್‌ಸ್ಟರ್ ಮತ್ತು ಜಿಟಿ ನಡುವೆ ಆರಿಸಲು ಒಂದೇ ಪ್ರಶ್ನೆ ಸಾಕು. ಮಕ್ಕಳಿದ್ದಾರಾ? ಜಿಟಿಯ ಹಿಂದೆ ಸಣ್ಣ ಮಕ್ಕಳು ಕೂರುವಷ್ಟು ಬೆಂಚಿದೆ. ಟಾಪು ಸೋರುವುದಿಲ್ಲ, ಬೆಲೆಯೂ ಕಡಿಮೆ.

ಇಷ್ಟು ಓದಿ "ಇದೆಲ್ಲ ಯಾಕೆ, ಬಿಸಿಲಲ್ಲಿ ಟಾಪು ತೆಗೆದು ಓಡಿಸಿದರೆ ಸಾಕು" ಅನ್ನಿಸಿದರೆ ಮಜ್ದಾ ಎಂಎಕ್ಸ್-5 ನೋಡಿ. 1989ರಲ್ಲಿ ಬಂದ ಕಾರು. ಎಂಜಿಬಿಯಂಥ ಕಾರುಗಳನ್ನೇ ಮನಸ್ಸಿನಲ್ಲಿಟ್ಟು ಜಪಾನಿನವರು ಮಾಡಿದ್ದು. ಕೀ ತಿರುಗಿಸಿದರೆ ಶುರುವಾಗುತ್ತದೆ, ಚಳಿಯಲ್ಲೂ. ಹಿಂದಿನ ಚಕ್ರದ ಮುಂದೆ ಇದರ ಸಿಲ್ ಕೂಡ ಕೊಳೆಯುತ್ತದೆ, ಅದಷ್ಟು ನೋಡಿಕೊಳ್ಳಿ. ಒಳ್ಳೆಯ ಕಾರು. ನನಗೆ ಟ್ಯಾಪೆಟ್ ಶಬ್ದ ಬೇಕು, ಅದರಲ್ಲಿ ಸಿಗುವುದಿಲ್ಲ.

ಕಾಗದ, ಪೆಟ್ರೋಲು

ಇಲ್ಲಿ 40 ವರ್ಷ ದಾಟಿದ ಕಾರಿಗೆ ರಸ್ತೆ ತೆರಿಗೆ ಇಲ್ಲ. ಆದರೆ ತಾನಾಗಿ ಹೋಗುವುದಿಲ್ಲ, ಐತಿಹಾಸಿಕ ವಾಹನ ಎಂದು ಅರ್ಜಿ ಹಾಕಬೇಕು. ಹಾಗೆ ದಾಖಲಾದ ಕಾರಿಗೆ ಲಂಡನ್ನಿನ ಹೊಗೆ ಶುಲ್ಕವೂ ಇಲ್ಲ, ನಮ್ಮ ಬರ್ಮಿಂಗ್‌ಹ್ಯಾಮ್‌ನದೂ ಇಲ್ಲ. ದೊಡ್ಡ ಬದಲಾವಣೆ ಮಾಡಿರದಿದ್ದರೆ 2018ರಿಂದ ಎಂಒಟಿಯೂ, ಅಂದರೆ ಕಾರು ರಸ್ತೆಗೆ ಯೋಗ್ಯವೇ ಎಂದು ನೋಡುವ ವಾರ್ಷಿಕ ಪರೀಕ್ಷೆಯೂ, ಕಡ್ಡಾಯವಲ್ಲ. ಹಾಗಂತ ಬಿಡಬೇಡಿ. ವರ್ಷಕ್ಕೊಮ್ಮೆ ಇನ್ನೊಬ್ಬರು ಕಾರನ್ನು ಎತ್ತಿ ಕೆಳಗಿನಿಂದ ನೋಡುವುದು ಒಳ್ಳೆಯದು. ಕೊಳ್ಳುವವರಿಗೂ ಅದರಿಂದ ಲಾಭ ಇದೆ. ನಂಬರ್ ಪ್ಲೇಟ್ ಹಾಕಿದರೆ ಹಳೇ ಎಂಒಟಿ ಫಲಿತಾಂಶಗಳು ಸರ್ಕಾರದ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತವೆ. ಸಿಲ್ ಕೊಳೆತಿದೆ ಎಂದು ಒಮ್ಮೆ ಫೇಲಾಗಿ, ಎರಡೇ ದಿನಕ್ಕೆ ಪಾಸಾಗಿದ್ದರೆ ಏನು ಮಾಡಿರುತ್ತಾರೆ ಎಂದು ನೀವೇ ಊಹಿಸಬಹುದು.

ಪೆಟ್ರೋಲ್ ಎರಡು ಸಲ ಬದಲಾಗಿದೆ. ಸೀಸದ ಪೆಟ್ರೋಲ್ 1999ರ ಕೊನೆಗೆ ನಿಂತಿತು. ಸೀಸವಿಲ್ಲದ ಪೆಟ್ರೋಲ್‌ಗೆ ಹೊಂದುವ ಗಟ್ಟಿ ವಾಲ್ವ್ ಸೀಟುಗಳನ್ನು ಹೆಡ್‌ಗೆ ಹಾಕಿಸಿದ್ದಾರಾ ಎಂದು ಕೇಳಿ. 2021ರ ಸೆಪ್ಟೆಂಬರ್‌ನಿಂದ ಮಾಮೂಲಿ ಪೆಟ್ರೋಲ್‌ನಲ್ಲಿ 10 ಪರ್ಸೆಂಟ್‌ವರೆಗೆ ಎಥೆನಾಲ್ ಇರುತ್ತದೆ. ಅದು ಹಳೇ ರಬ್ಬರ್ ಪೈಪುಗಳನ್ನು ತಿನ್ನುತ್ತದೆ. ಪೆಟ್ರೋಲ್ ಪೈಪುಗಳನ್ನೆಲ್ಲ ಹೊಸದು ಹಾಕಿಸುವುದು, ಎಥೆನಾಲ್ ಕಡಿಮೆ ಇರುವ, ಇ5 ಎಂದು ಬರೆದಿರುವ ಸೂಪರ್ ಪೆಟ್ರೋಲ್ ತುಂಬಿಸುವುದು ಕ್ಷೇಮ. ಇನ್ಶೂರೆನ್ಸ್ ಮಾಡಿಸುವಾಗ ಕಾರಿನ ಬೆಲೆಯನ್ನು ಮೊದಲೇ ಒಪ್ಪಿಕೊಳ್ಳುವ ಪಾಲಿಸಿಯನ್ನೇ ಕೇಳಿ.

ಮುಂದೆ ಊರಿಗೆ ತೆಗೆದುಕೊಂಡು ಹೋಗಬಹುದಾ ಎಂದೂ ಕೆಲವರು ಕೇಳುತ್ತಾರೆ. ಭಾರತದಲ್ಲಿ 50 ವರ್ಷ ದಾಟಿದ, ಮೂಲರೂಪದಲ್ಲಿರುವ ವಾಹನಗಳಿಗೆ 2021ರಿಂದ ವಿಂಟೇಜ್ ನೋಂದಣಿ ಬಂದಿದೆ. ನಂಬರಿನಲ್ಲಿ ವಿಎ ಎಂದು ಇರುತ್ತದೆ, ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷ ನಡೆಯುತ್ತದೆ. ಆದರೆ ದಿನಾ ಓಡಿಸಲು ಅಂತ ಅಲ್ಲ. ಕಸ್ಟಮ್ಸ್ ಸುಂಕವೂ ಭಾರಿ. ಆ ಆಸೆ ಇಟ್ಟುಕೊಂಡು ಈ ಕಾರು ಕೊಳ್ಳಬೇಡಿ ಎಂದಷ್ಟೇ ಹೇಳಬಲ್ಲೆ.

ಆ ಶನಿವಾರ

ಹುಡುಗನ ಜೊತೆ ಜಿಟಿ ನೋಡಲು ನಾನೂ ಹೋದೆ. ಹಳೇ ಜಮಖಾನ, ಟಾರ್ಚು, ಅಯಸ್ಕಾಂತ ಕಾರಿನಲ್ಲಿ ಹಾಕಿಕೊಂಡೆವು. ಮಾರುವವರು ವಯಸ್ಸಾದವರು. 22 ವರ್ಷದಿಂದ ಅವರ ಹತ್ತಿರವೇ ಇದ್ದ ಕಾರು. ನಾವು ಜಮಖಾನ ಹಾಸಿ ಮಲಗುವುದನ್ನು ನೋಡಿ ಅವರೇ ಇನ್ನೊಂದು ದೀಪ ತಂದು ಹಿಡಿದರು. ಎಡಗಡೆ ಸಿಲ್ ಸರಿಯಾಗಿತ್ತು, ಮೂರು ತಗಡುಗಳ ಅಂಚೂ ಬೇರೆ ಬೇರೆ ಕಂಡವು. ಬಲಗಡೆಯದನ್ನು 2009ರಲ್ಲಿ ಬದಲಾಯಿಸಿದ್ದರು, ಫೋಟೊ ಇತ್ತು. ಹಿಂದಿನ ಸ್ಪ್ರಿಂಗ್ ಕಟ್ಟುವ ಕಡೆ ಒಂದು ತೇಪೆ ಹಾಕಬೇಕು. ಓಡಿಸುವಾಗ ಎರಡನೇ ಗೇರು ಸ್ವಲ್ಪ ಗೊಣಗಿತು. ಆಯಿಲ್ ಪ್ರೆಷರ್ 55ರಲ್ಲಿ ನಿಂತಿತು.

ತೇಪೆ ಮತ್ತು ಗೇರಿನ ಲೆಕ್ಕ ಹೇಳಿ 5,000ಕ್ಕೆ ಕೇಳಿದೆವು. 5,100ಕ್ಕೆ ಮುಗಿಯಿತು. ವಾಪಸ್ ಬರುವಾಗ ಹುಡುಗ ಓಡಿಸಿದ. ಗೇರ್ ಗುಂಡಿಯ ಮೇಲಿನ ಓವರ್‌ಡ್ರೈವ್ ಸ್ವಿಚ್ಚನ್ನು ಸುಮ್ನೆ ಸುಮ್ನೆ ಹಾಕಿ ತೆಗೆದು ಮಾಡುತ್ತಿದ್ದ. ಮನೆಗೆ ಮುಂಚೆ ಬಿಡಿಭಾಗದ ಅಂಗಡಿ ಮುಂದೆ ನಿಲ್ಲಿಸಿ ಒಂದು ಗ್ರೀಸ್ ಗನ್ ಕೊಂಡ.